ಜಯಲತಾ ಬೋರ್ಡು ಓದಿದ್ದು

ಡೊಂಬಿವಲಿ (ಪೂರ್ವ)
ಆದಿತ್ಯವಾರ, ೧೮ ಜನವರಿ ೧೯೯೮

ಪ್ರೀತಿಯ ಮಗ ಕುಶಲನಿಗೆ, ನಿನ್ನ ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ಮಾಡುವ ಆಶೀರ್ವಾದ.

ಹೇಗಿದ್ದೀ ಮಗಾ? ಬಹರೈನಿನಲ್ಲಿ ಈಗ ಚಳಿ ಎಂದು ನಿನ್ನ ಗೆಳೆಯ ಹೇಳಿದ. ಮರಳುಗಾಡಿನಲ್ಲಿ ಚಳಿ ಎಂದರೆ ನಂಬುವುದು ಕಷ್ಟ, ಆದರೂ ಸ್ವೆಟರ್ ಹಾಕಿಕೋ. ರಂಜಾನ್ ತಿಂಗಳಿನಲ್ಲಿ ಹಗಲು ಅಂಗಡಿಯ ಹಿಂದಿನ ಗೋದಾಮಿನಲ್ಲಿ ಬಾಗಿಲು ಎಳೆದುಕೊಂಡು ಊಟ ಮಾಡುತ್ತೇವೆ ಎಂದು ನೀನು ಹೋದ ವರ್ಷ ಬರೆದಿದ್ದೆ. ಈ ವರ್ಷವೂ ಹಾಗೆಯೇ ಇರಬಹುದು. ಗಬಗಬ ತಿನ್ನಬೇಡ, ನಿನ್ನ ಹೊಟ್ಟೆ ಚಿಕ್ಕಂದಿನಿಂದಲೂ ಸೂಕ್ಷ್ಮ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದೆ, ಅದು ಇನ್ನು ನನ್ನ ಜೊತೆಗೇ ಹೋಗುವಂಥದ್ದು. ನಿನ್ನ ಅಮ್ಮನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆಯನ್ನೂ ತಪ್ಪಿಸುವುದಿಲ್ಲ, ಪಾಯಸವನ್ನೂ ತಪ್ಪಿಸುವುದಿಲ್ಲ. ಎಂಐಡಿಸಿಯ ಕಾರ್ಖಾನೆಗಳ ಗಾಳಿ ನಮ್ಮ ಕಡೆ ತಿರುಗಿದ ದಿನ ಇಡ್ಲಿಗೂ ಅದೇ ವಾಸನೆ ಎಂದು ಗಿರಾಕಿಗಳು ಮೂಗು ಮುರಿಯುತ್ತಾರೆ. ಗಾಳಿಗೆ ನಾನು ಬಿಲ್ ಹಾಕಿಲ್ಲವಲ್ಲ ಎನ್ನುತ್ತೇನೆ. ಮನೆಯಲ್ಲಿ ತುಳು ಮಾತಾಡುವ ನಾವು ಕಾಗದ ಮಾತ್ರ ಕನ್ನಡದಲ್ಲಿ ಬರೆಯುವುದೇಕೆ ಎಂದು ನೀನು ಒಮ್ಮೆ ಕೇಳಿದ್ದೆ. ದುಃಖದ ಮಾತನ್ನು ತುಳುವಿನಲ್ಲಿ ಹೇಳಲು ಹೋದರೆ ನನಗೆ ನಿಜವಾಗಿಯೂ ಅಳು ಬರುತ್ತದೆ, ಅದಕ್ಕೆ.

ನೀನು ಗೆಳೆಯನ ಕೈಯಲ್ಲಿ ಕಳಿಸಿದ ಓಟದ ಶೂ ತಲುಪಿತು. ಅಳತೆ ಸರಿಯಾಯಿತೇ, ಆಯ್ಕೆ ಯಾವಾಗ, ಅಕ್ಕ ಯಾಕೆ ಫೋನಿಗೆ ಬರುವುದಿಲ್ಲ ಎಂದು ಎರಡೆರಡು ಕಾಗದದಲ್ಲಿ ಕೇಳಿದ್ದೀ. ನಾನು ಉತ್ತರ ಕೊಡದೆ ಉಪ್ಪಿನಕಾಯಿ, ಚಳಿ, ಲೋಕಲ್ ರೈಲಿನ ಗಲಾಟೆ ಎಂದು ಏನೇನೋ ಬರೆದು ಪುಟ ತುಂಬಿಸಿದೆ. ಇವತ್ತು ಹಾಗೆ ಮಾಡುವುದಿಲ್ಲ. ಅವಳು ಶೂ ಹಾಕಿ ನೋಡಲಿಲ್ಲ ಮಗಾ. ಪೆಟ್ಟಿಗೆ ಕಟ್ಟಿದ ಹಾಗೆಯೇ ಮಂಚದ ಕೆಳಗಿದೆ. ನಿನ್ನ ಅಕ್ಕ ಈಗ ಓಡುವುದಿಲ್ಲ. ಕಾಲು ಸರಿಯಿದೆ, ವಯಸ್ಸೂ ಹೋಗಿಲ್ಲ. ನಿಂತದ್ದು ಬೇರೆ ಕಾರಣಕ್ಕೆ, ಅದನ್ನು ಹೇಳಲು ನನಗೆ ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ. ಗೊತ್ತಿದ್ದದ್ದನ್ನೇ ಬರೆಯುತ್ತಿದ್ದಾನೆ ಎಂದು ಪುಟ ಮಗುಚಬೇಡ.

ಜಯಲತಾ ಏಳನೆಯ ಕ್ಲಾಸಿನಲ್ಲಿದ್ದಾಗ ಅವಳ ನೋಟದ ನಡುವೆ ಹೊಗೆ ಕೂತಿತು. ಬದಿಯಿಂದ ಒಂದಿಷ್ಟು ಬೆಳಕು, ನೆರಳು; ಎದುರಿಗೆ ನಿಂತವರ ಮುಖ ಇಲ್ಲ. ಮುಂಬಯಿಯ ದೊಡ್ಡ ಡಾಕ್ಟರರು ಇದಕ್ಕೆ ಮದ್ದೂ ಇಲ್ಲ, ಚಶ್ಮಾವೂ ಇಲ್ಲ ಎಂದರು. ಆ ದಿನ ವಾಪಸು ಬರುವ ರೈಲಿನಲ್ಲಿ ನಿನ್ನ ಅಮ್ಮ ಥಾಣೆಯವರೆಗೆ ಮಗಳ ಕೈ ಹಿಡಿದು ಕೂತಿದ್ದಳು. ಆಮೇಲೆ, ಈ ಸುದ್ದಿ ನಮ್ಮ ನಾಲ್ಕು ಜನರನ್ನು ಬಿಟ್ಟು ಐದನೆಯವರ ಕಿವಿಗೆ ಹೋಗಬಾರದು ಎಂದಳು. ಯಾಕೆ ಹಾಗೆಂದಳು ಎನ್ನುವುದು ನಿನಗೆ ಪೂರ್ತಿ ಗೊತ್ತಿಲ್ಲ. ಅವಳ ದೊಡ್ಡಣ್ಣನಿಗೂ ಹೀಗೆಯೇ ಕಣ್ಣು ಹೋಗಿತ್ತು. ಅಂದಿನಿಂದ ಊರಿನವರು ಆ ಮನೆಗೆ ಕುರುಡರ ಮನೆ ಎಂದು ಹೆಸರಿಟ್ಟರು. ಅವಳ ಅಕ್ಕ, ನಿನ್ನ ಅಕ್ಕು ದೊಡ್ಡಮ್ಮನಿಗೆ ಬಂದ ಸಂಬಂಧಗಳೆಲ್ಲ ಅಂಗಳದವರೆಗೆ ಬಂದು, ಬೆಲ್ಲ ನೀರು ಕುಡಿದು, ಹಿಂದೆ ಹೋದವು. ಆ ದೊಡ್ಡಮ್ಮ ಇವತ್ತಿಗೂ ಕನ್ಯೆ. ನಿನ್ನ ಅಮ್ಮ ನನಗೆ ಸಿಕ್ಕಿದ್ದು ನಾನು ಮುಂಬಯಿಯಲ್ಲಿದ್ದು ಊರಿನ ಬಾಯಿಗೆ ದೂರವಿದ್ದದ್ದರಿಂದ. ಮದುವೆಯಾಗಿ ವರ್ಷ ಕಳೆದ ಮೇಲೆ ಆ ಭಾವನ ವಿಷಯ ಯಾರೋ ಹೇಳಿ ಗೊತ್ತಾಯಿತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸಂಸಾರ ಚೆನ್ನಾಗಿಯೇ ನಡೆಯಿತು.

ಜಯಲತಾ ಎದುರಿನವರನ್ನು ನೋಡಬೇಕಾದರೆ ಮುಖ ಪಕ್ಕಕ್ಕೆ ತಿರುಗಿಸಬೇಕು. ನೋಡಿದವರು ಈ ಹುಡುಗಿಗೆ ಎಷ್ಟು ಸೊಕ್ಕು ಎನ್ನುತ್ತಿದ್ದರು. ನಿನ್ನ ಅಮ್ಮನಿಗೆ ಅದೇ ಸಮಾಧಾನ. ಸೊಕ್ಕಿನವಳು ಎಂದರೆ ಮದುವೆ ನಿಲ್ಲುವುದಿಲ್ಲವಲ್ಲ. ಹೀಗೆ ಮೂಲೆಯಲ್ಲಿ ಕೂತು ದಪ್ಪಗಾಗುತ್ತಿದ್ದವಳನ್ನು ಎಬ್ಬಿಸಿ ಓಡಿಸಿದವನು ನೀನು. ಕಾಲೇಜಿನಲ್ಲಿ ನೂರು ಮೀಟರ್ ಓಡುತ್ತಿದ್ದ ಪೋಕರಿ, ಒಂದು ಬೆಳಿಗ್ಗೆ ಹೋಟೆಲಿನಿಂದ ಪಾರ್ಸೆಲ್ ಕಟ್ಟುವ ದಾರ ಕದ್ದು, ಅವಳ ಕೈಗೂ ನಿನ್ನ ಕೈಗೂ ಕಟ್ಟಿ ಮೈದಾನಕ್ಕೆ ಎಳಕೊಂಡು ಹೋದೆ. ಅರ್ಧ ದಾರಿಯಲ್ಲಿ ದಾರ ಕಡಿಯಿತು, ಅವಳಿಗೆ ಗೊತ್ತಾಗಲಿಲ್ಲ, ನೇರವಾಗಿ ಹೋಗಿ ಲಂಟಾನದ ಪೊದೆಯೊಳಗೆ ಬಿದ್ದಳು. ಮೈಯೆಲ್ಲ ತರಚಿಕೊಂಡು ನಗುತ್ತ ಮನೆಗೆ ಬಂದವಳನ್ನು ನಾನು ಮರೆಯುವುದಿಲ್ಲ. ಎಷ್ಟೋ ಸಮಯದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿತ್ತು. ಬೇಡವೇ ಬೇಡ ಎಂದು ನಿನ್ನ ಅಮ್ಮ ಹಟ ಹಿಡಿದಾಗ ನೀನು ಎರಡು ದಿನ ಊಟ ಬಿಟ್ಟೆ. ನಾನು ವರ್ಷಗಟ್ಟಲೆ ಹೇಳಿದರೂ ಬಗ್ಗದವಳು ನಿನ್ನ ಎರಡು ದಿನದ ಹಸಿವಿಗೆ ಬಗ್ಗಿದಳು.

ಕಲ್ಯಾಣದ ಮೊದಲ ಓಟ ನೆನಪಿದೆಯೇ? ಜೊತೆಗೆ ಓಡುವವನು ಎಳೆಯಬಾರದು, ದಾಟುವ ಗೆರೆಯನ್ನು ಅವಳಿಗಿಂತ ಮುಂಚೆ ತುಳಿಯಬಾರದು ಎಂದು ಕಣ್ಣು ಕಾಣದವರಿಗೆ ಓಟ ಕಲಿಸುವ ಆ ಮರಾಠಿ ಮಾಸ್ತರರು ನೂರು ಸಲ ಹೇಳಿದ್ದರು. ಗೆಲ್ಲುವ ಆವೇಶದಲ್ಲಿ ನೀನೇ ಮೊದಲು ಹಾರಿ ಎದೆ ಮುಂದೆ ಮಾಡಿದೆ! ಬಂದ ಬಹುಮಾನ ಹೋಯಿತು. ಅವಳು ಎರಡು ದಿನ ನಿನ್ನೊಡನೆ ಮಾತು ಬಿಟ್ಟಳು, ಮೂರನೆಯ ದಿನ ಆ ನಿನ್ನ ಎದೆ ಉಬ್ಬಿಸುವುದನ್ನು ಅಡುಗೆಮನೆಯಲ್ಲಿ ಅಣಕಿಸಿ ತೋರಿಸಿದಳು. ಆಮೇಲೆ ನೀನು ಕಲಿತೆ. ಗೆಲ್ಲಿಸಿ ತಾನು ಹಿಂದೆ ಉಳಿಯುವುದು ಗಂಡು ಹುಡುಗನಿಗೆ ಸುಲಭದ ಪಾಠವಲ್ಲ. ಥಾಣೆಯಲ್ಲಿ ಗೆದ್ದಿರಿ, ಪುಣೆಯಲ್ಲಿ ಗೆದ್ದಿರಿ, ದಿಲ್ಲಿಯಲ್ಲಿ ಬೆಳ್ಳಿ ಬಂತು. ಅಷ್ಟೂ ಕಾಲ ನೆರೆಮನೆಯವರಿಗೆ ಅವಳು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ಇಷ್ಟು ವರ್ಷ ಟೈಪಿಂಗ್ ಕಲಿತವಳು ಒಂದು ಅಕ್ಷರ ಹೊಡೆದದ್ದನ್ನು ಯಾರೂ ಕಾಣಲಿಲ್ಲ. ಪದಕಗಳು ಕಪಾಟಿನಲ್ಲಿ, ಅಮ್ಮನ ಧಾರೆ ಸೀರೆಯ ಮಡಿಕೆಯೊಳಗೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಿದೆ. ನಿನ್ನ ಅಮ್ಮ ಒಂದೇ ಸುಳ್ಳಿನಲ್ಲಿ ಮುಗಿಸುತ್ತೇನೆ ಎಂದು ಹೊರಟವಳು.

ಆ ಸುಳ್ಳಿನಲ್ಲಿ ನಿನ್ನದೂ ಒಂದು ಕೈ ಇತ್ತು, ಬೇಸರಿಸಬೇಡ, ನೀನು ಆಗ ಹುಡುಗ. ಮುಲುಂಡಿನ ಒಂದು ಸಂಬಂಧದವರು ಹುಡುಗಿಯ ನೋಟ ಓರೆ ಎಂದು ಅನುಮಾನಪಟ್ಟು, ತಮಗೆ ಪರಿಚಯದ ಚಶ್ಮಾ ಅಂಗಡಿಯಲ್ಲಿ ಒಮ್ಮೆ ತೋರಿಸಿ ಎಂದಿದ್ದರು. ಅಮ್ಮ ನಿನ್ನನ್ನು ಮೊದಲೇ ಅಲ್ಲಿಗೆ ಕಳಿಸಿ, ಗೋಡೆಯ ಮೇಲಿನ ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಬರಕೊಂಡು ಬರಲು ಹೇಳಿದಳು. ಮೇಲೆ ಒಂದು ದೊಡ್ಡ ಅಕ್ಷರ, ಕೆಳಗೆ ಕೆಳಗೆ ಸಣ್ಣವು. ನೀನು ಓದಿದೆ, ಜಯಲತಾ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದಳು. ಅಂಗಡಿಯವನು ಕೋಲಿನಿಂದ ಯಾವ ಸಾಲು ತೋರಿಸುತ್ತಿದ್ದಾನೆ ಎಂದು ಅವಳಿಗೆ ತಿಳಿಯಬೇಕಲ್ಲ, ಅದಕ್ಕೆ ಅಮ್ಮ ಪಕ್ಕದಲ್ಲಿ ನಿಂತು ಮೊಣಕೈ ಒತ್ತುವುದು. ಒಂದು ಸಲ ಒತ್ತಿದರೆ ಒಂದು ಸಾಲು ಕೆಳಗೆ. ಅಂಗಡಿಯವನು ಮೆಚ್ಚಿದ, ಸಂಬಂಧ ಬೇರೆ ಯಾವುದಕ್ಕೋ ಮುರಿಯಿತು. ಮುಂದೆ ಯಾರು ಕೇಳುತ್ತಾರೋ ಎಂದು ಅಮ್ಮ ಆ ಪಾಠ ಬಿಡಿಸಲಿಲ್ಲ. ಹಬ್ಬದ ಮುಂಚೆ ಅಕ್ಕಿ ಹಿಟ್ಟು ಜರಡಿ ಹಿಡಿಯುತ್ತ ಕೂತಾಗಲೂ ಮೊಣಕೈ ಒತ್ತಿ ಕೇಳುತ್ತಿದ್ದಳು. ದೇಶದಲ್ಲೆಲ್ಲ ಒಂದೇ ಬೋರ್ಡು ಎಂದು ನನಗೆ ಆಗ ಗೊತ್ತಿರಲಿಲ್ಲ.

ನೀನು ಬಹರೈನಿಗೆ ಹೋದ ಮೇಲೆ ನಿನ್ನ ಜಾಗಕ್ಕೆ ಮಾಸ್ತರರು ವಾಶಿಯಿಂದ ಅನಿಲಕುಮಾರನನ್ನು ಕರಕೊಂಡು ಬಂದದ್ದು ನಿನಗೆ ಬರೆದಿದ್ದೆ. ಕಲಬುರ್ಗಿ ಕಡೆಯವನು, ಮಾರ್ಕೆಟಿನಲ್ಲಿ ಮೂಟೆ ಇಳಿಸುವ ಕೆಲಸ, ತುರ್ಭೆಯಲ್ಲಿ ವಾಸ. ಬೆನ್ನಿನ ಮೇಲೆ ಈರುಳ್ಳಿ ಹೊತ್ತು ಹೊತ್ತು ಅವನ ಓಟ ಸ್ವಲ್ಪ ಮುಂದಕ್ಕೆ ಬಾಗಿದ ಓಟ. ಅವನ ಕನ್ನಡ ಕೇಳಿ ಇವಳಿಗೆ ನಗು, ಇವಳ ಮಂಗಳೂರು ಕನ್ನಡ ಕೇಳಿ ಅವನಿಗೆ ನಗು. ಮೊದಲ ದಿನ ಇವಳು ದಾರವನ್ನು ಬಿಗಿಯಾಗಿ ಹಿಡಿದದ್ದು ನೋಡಿ ಅವನು ಹೇಳಿದ ಮಾತು ನನಗೆ ಇಷ್ಟವಾಯಿತು: "ಅಂಜಬ್ಯಾಡ್ರಿ ಅಕ್ಕಾ, ದಾರ ಸಡ್ಲ ಬಿಡ್ರಿ. ಓಟ ನಿಮ್ದು, ನಾ ಬರೇ ಬಾಜೂಕ ಇರಾಂವ." ನಿನ್ನ ಅಮ್ಮನಿಗೆ ಮಾತ್ರ ಅವನು ಬಂದಾಗಿನಿಂದ ನಿದ್ದೆ ಇಲ್ಲ. ಪರ ಗಂಡಸಿನ ಕೈಗೆ ಕೈ ಕಟ್ಟಿಕೊಂಡು ಓಡುವ ಹುಡುಗಿಯನ್ನು ನಮ್ಮ ಕಡೆಯವರು ಯಾರಾದರೂ ಕಂಡರೆ ಎಂದು. ಅವನು ಮನೆಗೆ ಬಂದರೆ ಹೊಟ್ಟೆ ತುಂಬ ಬಡಿಸುತ್ತಾಳೆ, ಹೋದ ಕೂಡಲೆ ಬಾಗಿಲಿನಿಂದ ಅತ್ತ ಇತ್ತ ನೋಡುತ್ತಾಳೆ. ಆದರೂ ಓಟ ನಡೆಯಿತು. ಹೋದ ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ನಿನ್ನ ಜೊತೆಗಿಂತಲೂ ಜೋರಾಗಿ ಓಡುತ್ತಿದ್ದಳು. ವಿದೇಶಕ್ಕೆ ಹೋಗುವ ತಂಡಕ್ಕೆ ಹೆಸರು ಕೊಡುತ್ತೇನೆ ಎಂದು ಮಾಸ್ತರರು ಹೇಳಿದ ದಿನ ಹೋಟೆಲಿನಲ್ಲಿ ಎಲ್ಲರಿಗೂ ಜಿಲೇಬಿ ಹಂಚಿದೆ. ಕಾರಣ ಕೇಳಿದವರಿಗೆ ಹೊಟ್ಟೆನೋವು ಕಡಿಮೆಯಾಯಿತು ಎಂದೆ.

ಇಲ್ಲಿಯವರೆಗಿನ ಓಟಗಳಿಗೆ ಮಾಸ್ತರರ ಮಾತೇ ಸಾಕಾಗಿತ್ತು; ವಿದೇಶಕ್ಕೆ ಹೆಸರು ಕೊಡುವ ಮುಂಚೆ ಕಣ್ಣಿನ ಪರೀಕ್ಷೆ ಆಗಬೇಕು. ಏನೂ ಕಾಣದವರು ಒಂದು ಗುಂಪು, ಸ್ವಲ್ಪ ಕಾಣುವವರು ಒಂದು, ಅದಕ್ಕಿಂತ ಹೆಚ್ಚು ಕಾಣುವವರು ಇನ್ನೊಂದು. ಮೊದಲಿನ ಎರಡು ಗುಂಪಿಗೆ ಜೊತೆಗಾರ ಇರಬಹುದು. ಮೂರನೆಯದಕ್ಕೆ ಇಲ್ಲ, ಒಬ್ಬರೇ ಓಡಬೇಕು. ನವೆಂಬರಿನಲ್ಲಿ ಥಾಣೆಯ ಒಂದು ಸಭಾಗೃಹದಲ್ಲಿ, ಎಲ್ಲರಿಗೂ ನಡೆಸುವ ಉಚಿತ ಕಣ್ಣಿನ ಶಿಬಿರದಲ್ಲೇ ಈ ಪರೀಕ್ಷೆ. ಹುಡುಗಿಯ ಜೊತೆ ಹೆಂಗಸು ಒಳಗೆ ಹೋಗಲಿ ಎಂದು ನಿನ್ನ ಅಮ್ಮನನ್ನು ಕಳಿಸಿ, ನಾನೂ ಅನಿಲನೂ ಹೊರಗೆ ಚಹಾ ಕುಡಿಯುತ್ತ ನಿಂತೆವು. ಒಳಗೆ ಜನವೋ ಜನ, ಡಾಕ್ಟರರು ಒಬ್ಬರೇ. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಯಾವುದೋ ಮಹಿಳಾ ಮಂಡಳದ ಹೆಂಗಸರು ಸೇವೆಗೆ ಕೂತಿದ್ದರು. ಅವರಲ್ಲಿ ಒಬ್ಬಳು ನಮ್ಮ ಕಲ್ಯಾಣದ ಮಧ್ವರಾಜನ ಹೆಂಡತಿ! ಗೊತ್ತಲ್ಲ, ಅವಳ ಕಿವಿಗೆ ಬೆಳಿಗ್ಗೆ ಬಿದ್ದದ್ದು ಸಂಜೆಯೊಳಗೆ ನಮ್ಮ ಊರಿನವರ ಸಂಘದ ಎಲ್ಲ ಮನೆಗಳಲ್ಲಿ ಇರುತ್ತದೆ. ಏನು ಇಲ್ಲಿ ಎಂದು ಅವಳು ಕೇಳಿದಳಂತೆ. ತಲೆನೋವಿಗೆ ತೋರಿಸಲು ಬಂದೆವು ಎಂದಳಂತೆ ನಿನ್ನ ಅಮ್ಮ. ಹಾಗಾದರೆ ನಾನೇ ಕರಕೊಂಡು ಹೋಗುತ್ತೇನೆ ಎಂದು ಆ ಮಹಾತಾಯಿ ಇಬ್ಬರನ್ನೂ ಸಾಲು ತಪ್ಪಿಸಿ ಡಾಕ್ಟರರ ಮುಂದೆ ನಿಲ್ಲಿಸಿ, ತಾನೂ ಅಲ್ಲೇ ನಿಂತಳು.

ಡಾಕ್ಟರರು ಬೋರ್ಡು ತೋರಿಸಿದರು. ನಿನ್ನ ಅಮ್ಮ ಮೊಣಕೈ ಒತ್ತಿದಳು. ಜಯಲತಾ ಓದಿದಳು. ಮತ್ತೆ ಒತ್ತಿದಳು, ಮತ್ತೆ ಓದಿದಳು. ಕೆಳಗಿನ ಸಣ್ಣ ಸಾಲುಗಳಿಗೆ ಬಂದಾಗ ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ ಎಂದು ಅವಳಿಗೆ ಎಚ್ಚರವಾಯಿತಂತೆ, ಬಾಯಿ ಮುಚ್ಚಿದಳು. ಆದರೆ ಅಷ್ಟು ಸಾಕಾಗಿತ್ತು. ಡಾಕ್ಟರರು ಟಾರ್ಚು ಬಿಟ್ಟು ಒಂದು ಕ್ಷಣ ನೋಡಿ, ಮಾಸ್ತರರು ಕೊಟ್ಟ ಚೀಟಿಯ ಮೇಲೆ ಮೂರನೆಯ ಗುಂಪು ಎಂದು ಬರೆದು ಮುಂದಿನವರನ್ನು ಕರೆದರು. ಮನೆಗೆ ಬಂದ ಮೇಲೆ ನಾನು ಕೇಳಿ ಕೇಳಿ ಸಾಕಾದಾಗ ಅವಳು ಹೇಳಿದ್ದು ಇಷ್ಟೇ: "ಅಮ್ಮ ಒತ್ತಿದ್ರು, ಬಾಯಿ ಓದಿತು ಅಪ್ಪಾ." ಅವಳಿಗೆ ಬೈಯಲು ನನ್ನಿಂದಾಗಲಿಲ್ಲ. ನಿನ್ನ ಅಮ್ಮನಿಗೂ ಬೈಯಲಾಗಲಿಲ್ಲ, ಅವಳು ಬಂದವಳೇ ದೇವರ ಮುಂದೆ ಕೂತು ದೀಪಕ್ಕೆ ಎಣ್ಣೆ ಸುರಿಯುತ್ತಲೇ ಇದ್ದಳು. ಸಿಟ್ಟು ಹೋಟೆಲಿನ ಸಪ್ಲಾಯರ್‌ಗಳ ಮೇಲೆ ತೀರಿಸಿಕೊಂಡೆ, ಪಾಪ.

ಮರುದಿನ ನಾನೇ ಹೋಗಿ ಡಾಕ್ಟರರನ್ನು ಕಂಡೆ. ಸಾಹೇಬರೇ, ಅವಳಿಗೆ ಕಾಣುವುದಿಲ್ಲ, ಆ ಬೋರ್ಡು ಬಾಯಿಪಾಠ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಕಾಣುವವರು ಕಾಣುವುದಿಲ್ಲ ಎಂದು ಹೇಳಿಕೊಂಡು ಪದಕ ಹೊಡೆಯಲು ಬರುವುದನ್ನು ನೋಡಿ ನೋಡಿ ಬೇಸತ್ತವರು. ಕಾಣದವಳು ಕಾಣುವುದನ್ನು ಬಾಯಿಪಾಠ ಮಾಡುತ್ತಾಳೆ ಎಂದರೆ ಯಾರು ನಂಬುತ್ತಾರೆ? ನಿಮ್ಮ ಮಗಳು ಸತ್ಯ ಹೇಳಿದ್ದಾಳೆ, ತಂದೆಯಾಗಿ ಅವಳನ್ನು ನೀವು ಹಾಳು ಮಾಡಬೇಡಿ ಎಂದು ನನಗೆ ಬುದ್ಧಿ ಹೇಳಿ ಕಳಿಸಿದರು. ಮೆಟ್ಟಿಲಿಳಿಯುವಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಡಿಸೆಂಬರಿನಲ್ಲಿ ನವಿ ಮುಂಬಯಿಯ ಮೈದಾನದಲ್ಲಿ ಆಯ್ಕೆಯ ಓಟ. ಓಡದಿದ್ದರೆ ಹೆಸರೇ ಹೋಗುತ್ತದೆ, ಓಡಿದರೆ ಮುಂದೆ ಏನಾದರೂ ಮಾಡಬಹುದು ಎಂದರು ಮಾಸ್ತರರು. ಅವಳೂ ನೇರವಾಗಿ ಓಡುವುದು ಕಾಲಿಗೆ ಗೊತ್ತಿದೆ ಎಂದು ಧೈರ್ಯ ಹೇಳಿದಳು. ಆ ಧೈರ್ಯ ಹೇಳಿದ್ದು ತನಗೋ ನಮಗೋ ಎಂದು ಈಗ ಯೋಚಿಸುತ್ತೇನೆ. ಅನಿಲ ಗೆರೆಯ ಆಚೆ ನಿಂತು ನೆಟ್ಟಗ ಬರ್ರಿ ಅಕ್ಕಾ ಎಂದು ಕೂಗಲು ಹೊರಟರೆ, ಈ ಗುಂಪಿಗೆ ಕೂಗುವಂತಿಲ್ಲ ಎಂದು ಅವನನ್ನು ಹಗ್ಗದ ಹೊರಗೆ ಕಳಿಸಿದರು. ಪಿಸ್ತೂಲು ಹಾರಿತು. ನಿಜ ಹೇಳುತ್ತೇನೆ ಮಗಾ, ಅರ್ಧದವರೆಗೆ ಎಲ್ಲರಿಗಿಂತ ಮುಂದೆ ಅವಳೇ ಇದ್ದಳು, ದಾರವಿಲ್ಲದ ಎಡಗೈ ಮಾತ್ರ ಏನನ್ನೋ ಹುಡುಕುವ ಹಾಗೆ ಹೊರಗೆ ಚಾಚುತ್ತಿತ್ತು. ಅಷ್ಟರಲ್ಲಿ ಬದಿಯ ಧ್ವನಿವರ್ಧಕ ಯಾರದೋ ಹೆಸರು ಕೂಗಿತು. ಅವಳು ಆ ಕಡೆಗೆ ಓರೆಯಾದಳು. ಪಕ್ಕದ ಹುಡುಗಿಗೆ ಬಡಿದು ಇಬ್ಬರೂ ಉರುಳಿದರು. ಆ ಹುಡುಗಿಯ ಕಾಲು ಉಳುಕಿ ಬಾತುಕೊಂಡಿತು. ಅವಳದೂ ಅದೇ ಆಯ್ಕೆಯ ಓಟ, ಅವಳಿಗೂ ಇನ್ನೊಂದು ಅವಕಾಶವಿಲ್ಲ.

ಆ ಹುಡುಗಿಯ ಅಪ್ಪ ಬಾಲಪ್ಪ, ಬಿಜಾಪುರದ ಕಡೆಯವನು, ಶಹಾಡದ ಕಾರ್ಖಾನೆಯಲ್ಲಿ ಕೆಲಸ. ಓಡಿ ಬಂದು ಮಗಳ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ಕೈಮುಗಿದು ನಿಂತೆ. ಹೊಡೆದರೂ ಸರಿ ಎನಿಸಿತ್ತು. ಅವನು ನಿನ್ನ ಅಮ್ಮನ ಕಡೆ ನೋಡಿ ಮೆಲ್ಲಗೆ ಹೇಳಿದ: "ನಿಮ್ಮ ಹುಡುಗಿಗೂ ಕಾಣಂಗಿಲ್ಲ, ನಮ್ಮಾಕಿಗೂ ಕಾಣಂಗಿಲ್ಲ. ಯಾರಿಗಂತ ಬೈಯೂದ್ರಿ ತಾಯಿ?" ಅದಕ್ಕೆ ನಿನ್ನ ಅಮ್ಮ ಏನೆಂದಳು ಗೊತ್ತೇ? ಮಗಳು ಮಣ್ಣಿನಲ್ಲಿ ಕೂತಿದ್ದಾಳೆ, ಮೊಣಕಾಲಿನಿಂದ ರಕ್ತ ಇಳಿಯುತ್ತಿದೆ, ಆಗ ಇವಳು ಹೇಳುತ್ತಾಳೆ: "ನಮ್ಮವಳಿಗೆ ಕಣ್ಣು ಕಾಣ್ತದೆ." ಅಲ್ಲಿ ನಮ್ಮ ಕಡೆಯವರು ಒಬ್ಬರೂ ಇರಲಿಲ್ಲ. ಮಧ್ವರಾಜನ ಹೆಂಡತಿಯೂ ಇರಲಿಲ್ಲ. ಯಾರು ಕೇಳಲಿ ಎಂದು ಹೇಳಿದಳೋ ನನಗೆ ಇವತ್ತಿಗೂ ತಿಳಿಯದು. ಬಾಲಪ್ಪ ಮಗಳ ಕಾಲಿಗೆ ಟವೆಲು ಸುತ್ತತೊಡಗಿದ. ಕೇಳಬೇಕಾದವಳು ಕೇಳಿಸಿಕೊಂಡಳು. ಅಂದಿನಿಂದ ಜಯಲತಾ ಮೈದಾನಕ್ಕೆ ಹೋಗಿಲ್ಲ. ಮಾರ್ಚಿನಲ್ಲಿ ಪುಣೆಯ ಇನ್ನೊಬ್ಬ ಡಾಕ್ಟರರು ಮತ್ತೆ ನೋಡುತ್ತಾರೆ, ಕಣ್ಣು ಯಾವಾಗಿನಿಂದ ಹೀಗೆ ಎಂದು ಹೇಳಲು ಮನೆಯ ಹಿರಿಯರೊಬ್ಬರು ಜೊತೆಗೆ ಬಂದರೆ ಸಾಕು ಎಂದು ಮಾಸ್ತರರು ಎರಡು ಸಲ ಹೋಟೆಲಿಗೆ ಬಂದು ಹೇಳಿದರು. ನಾನು ಮನೆಯಲ್ಲಿ ಆ ಮಾತು ಎತ್ತಿದರೆ ಅವಳು ಪಾತ್ರೆ ತೊಳೆಯಲು ಏಳುತ್ತಾಳೆ. ಅನಿಲಕುಮಾರ ಆದಿತ್ಯವಾರ ಬಂದು, ಬಾಗಿಲಲ್ಲಿ ನಿಂತು, ಅಕ್ಕಾ ಬರ್ತಾರೇನ್ರಿ ಎಂದು ಕೇಳಿ ಹೋಗುತ್ತಾನೆ.

ಇನ್ನು ಒಳ್ಳೆಯ ಸುದ್ದಿ ಎಂದು ನಿನ್ನ ಅಮ್ಮ ಬರೆಯಲು ಹೇಳಿದ್ದನ್ನು ಬರೆಯುತ್ತೇನೆ. ಜಯಲತಾಳಿಗೆ ಸಂಬಂಧ ಕೂಡಿ ಬಂದಿದೆ. ತಂದವಳು ಯಾರು ಊಹಿಸು. ಅದೇ ಮಧ್ವರಾಜನ ಹೆಂಡತಿ! ಹುಡುಗಿಯ ಕಣ್ಣಿನ ಬಗ್ಗೆ ನಮ್ಮ ಕಡೆಯವರಲ್ಲಿ ಗುಸುಗುಸು ಇತ್ತಂತೆ. ಸುಳ್ಳು, ಡಾಕ್ಟರರ ಮುಂದೆ ಪಟಪಟನೆ ಓದಿದ್ದನ್ನು ನಾನೇ ನಿಂತು ಕಂಡಿದ್ದೇನೆ ಎಂದು ಅವಳೇ ಮನೆ ಮನೆಗೆ ಸಾಕ್ಷಿ ಹೇಳಿ ಬಂದಿದ್ದಾಳೆ. ಹುಡುಗನದು ಥಾಣೆ ಪಕ್ಕದ ಕಳವಾ, ಅಣ್ಣನ ಜೊತೆ ಸ್ವಂತ ಹೋಟೆಲು. ಹೋದ ಆದಿತ್ಯವಾರ ನೋಡಲು ಬಂದರು. ಅವನು ಕೂರುವ ಕುರ್ಚಿಯ ಮೇಲೆ ಬಿಳಿ ಟವೆಲು ಹಾಸಿ, ಆ ಬಿಳುಪಿನ ಕಡೆಗೆ ಟ್ರೇ ಹಿಡಿದುಕೊಂಡು ಹೋಗು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಒಂದು ಹನಿ ಕಾಫಿ ಚೆಲ್ಲಲಿಲ್ಲ. ಹುಡುಗ ಒಳ್ಳೆಯವನು. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಿಮಗೆ ಏನು ಇಷ್ಟ ಎಂದು ಮರ್ಯಾದೆಯಿಂದ ಕೇಳಿದ. ದಿಲ್ಲಿಯಲ್ಲಿ ಬೆಳ್ಳಿ ಗೆದ್ದ ನನ್ನ ಮಗಳು ಮುಖ ಪಕ್ಕಕ್ಕೆ ತಿರುಗಿಸಿ, ಮನೆಗೆಲಸ ಎಂದಳು. ನಾಚಿಕೆ ಎಂದುಕೊಂಡು ಅವರೆಲ್ಲ ನಕ್ಕರು. ನಾನೂ ನಕ್ಕೆ.

ಶಿವರಾತ್ರಿ ಕಳೆದ ಮೇಲೆ ನಾವು ಕಳವಾಕ್ಕೆ ಹೋಗಿ ಮಾತು ಮುಗಿಸಬೇಕು. ಮದುವೆ ಎಪ್ರಿಲ್ ಕೊನೆಗೆ, ರಜೆಗೆ ಈಗಲೇ ಹೇಳಿಡಲಿ ಎಂದು ಅಮ್ಮನ ಅಪ್ಪಣೆ. ಅವಳು ನಿನಗೆ ಅಕ್ಕಿ ಹಪ್ಪಳ ಕಟ್ಟಿಟ್ಟಿದ್ದಾಳೆ, ಬರುವವರು ಸಿಕ್ಕಿದರೆ ಕಳಿಸುತ್ತೇನೆ. ಹೋಟೆಲಿನ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಹಣ ಉಳಿಸಲು ಹೋಗಿ ಹೊಟ್ಟೆಗೆ ಕಡಿಮೆ ಮಾಡಬೇಡ. ಕಟೀಲಿನ ಅಮ್ಮ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ನಮ್ಮ ಕೈ ಅಷ್ಟು ದೂರ ಮುಟ್ಟುವುದಿಲ್ಲ.

ನಿನ್ನ ಅಪ್ಪ,
ಸಂಜೀವ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ, ಮೂಲೆ ಹರಿದದ್ದು ಅದಕ್ಕೆ. ಈಗ ಊಟಕ್ಕೆಂದು ಮನೆಗೆ ಹೋಗಿದ್ದೆ. ಅಮ್ಮ ಕೆಳಗೆ ತರಕಾರಿಯವನ ಹತ್ತಿರ ಇದ್ದಳು. ಜಯಲತಾ ಬಡಿಸುತ್ತ ಸಣ್ಣ ಸ್ವರದಲ್ಲಿ ಕೇಳಿದಳು: "ಅಪ್ಪಾ, ನೀವು ಕಳವಾಕ್ಕೆ ಅವರ ಮನೆಗೆ ಹೋದಾಗ ಮೆಟ್ಟಿಲು ಎಷ್ಟುಂಟು, ಬಚ್ಚಲು ಯಾವ ಬದಿಗೆ, ಒಲೆ ಎಲ್ಲಿ, ಎಲ್ಲ ಸರಿಯಾಗಿ ನೋಡಿ ಬನ್ನಿ. ನಾನು ಮೊದಲೇ ಕಲಿಯಬೇಕು." ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೇ ಇಟ್ಟೆ ಮಗಾ. ಜೀವನ ಪೂರ್ತಿ ಆ ಮನೆಯಲ್ಲಿ ಬಾಯಿಪಾಠ ಒಪ್ಪಿಸುತ್ತ ಇರುತ್ತಾಳೆ ಇವಳು. ನಾನು, ಮೆಟ್ಟಿಲು ಎಣಿಸುವುದಿಲ್ಲ, ಕಣ್ಣಿನ ವಿಷಯ ಹೇಳಿಯೇ ಬರುತ್ತೇನೆ, ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ, ಪುಣೆಗೂ ನಾನೇ ಬರುತ್ತೇನೆ ಎಂದೆ. ಅವಳು ಸಾರಿನ ಸೌಟು ಕೆಳಗಿಟ್ಟು ಹೇಳಿದಳು: "ನೀವು ಹೇಳಿದ್ರೆ ಆಗುವುದಿಲ್ಲ ಅಪ್ಪಾ. ಅಮ್ಮ ಹೇಳಲಿ. ಅಮ್ಮ ಹೇಳಿದ್ರೆ ಓಡ್ತೇನೆ."

ಅದಕ್ಕೇ ಅವಸರದಲ್ಲಿ ಇದನ್ನು ಬರೆಯುತ್ತಿದ್ದೇನೆ. ರಜೆ ಕೇಳಬೇಡ, ಚಿನ್ನ ಕೊಳ್ಳಬೇಡ. ಕಾಗದ ಕೈಸೇರಿದ ದಿನವೇ ಹೋಟೆಲಿಗೆ ಫೋನ್ ಮಾಡು, ನಿನ್ನ ಅಮ್ಮನನ್ನು ಕರೆದು ಕೂರಿಸುತ್ತೇನೆ. ಅವಳು ಬಗ್ಗುವುದು ನಿನ್ನ ಮಾತಿಗೆ ಮಾತ್ರ. ಬೈಯಬೇಡ, ಅವಳು ಹೆದರಿದವಳು. ತನ್ನ ಮಗಳಿಗೆ ಕಣ್ಣು ಕಾಣುವುದಿಲ್ಲ ಎಂದು ಅವಳ ಬಾಯಿಯಿಂದ ಒಮ್ಮೆ ನಿನಗೆ ಹೇಳಿಸು, ಅಷ್ಟು ಸಾಕು. ಡಾಕ್ಟರರಿಗೂ ಹುಡುಗನ ಮನೆಯವರಿಗೂ ಹೇಳುವ ಧೈರ್ಯ ಆಮೇಲೆ ಬಂದೀತು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ನನಗೂ ಹೇಳಿಲ್ಲ.